ಪಾಸಾದ್ರೆ ದುಡ್ಡು: ಮೇಷ್ಟ್ರ ಕೆಲಸಕ್ಕೆ ರೇಟ್ ಕಟ್ಟಿದ ಕಥೆ

ಇವತ್ತಿನ ಕಥೆ ನಮ್ಮ ಮನೆಯಿಂದಲೇ ಶುರು.

ನಮ್ಮಮ್ಮ ಹೈಸ್ಕೂಲ್ ಗಣಿತ ಟೀಚರ್. ಒಂದು ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಅವರ ಸಬ್ಜೆಕ್ಟ್ ರಿಸಲ್ಟ್ ಕಮ್ಮಿ ಬಂತು. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಕಾರಣ ಕೇಳಿದ್ರಂತೆ. ಅವತ್ತು ಅಮ್ಮ ಊಟ ಮಾಡದೆ ಮಲಗಿದ್ರು. ನಾನಾಗ ಬಿ.ಕಾಂ. ಓದ್ತಿದ್ದೆ. ಟಾರ್ಗೆಟ್, ಇನ್ಸೆಂಟಿವ್ ಅಂತ ಆಗಷ್ಟೇ ಕಲಿತಿದ್ದ ಜೋಶ್‌ನಲ್ಲಿ, "ರಿಸಲ್ಟ್ ನೋಡಿ ಸಂಬಳ ಕೊಟ್ರೆ ಎಲ್ಲ ಸರಿ ಹೋಗುತ್ತಲ್ವಾ?" ಅಂದುಬಿಟ್ಟೆ. ಅಮ್ಮ ಉತ್ತರ ಕೊಡಲಿಲ್ಲ. ಆ ಐಡಿಯಾ 150 ವರ್ಷ ಹಳೆಯದು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

1862, ಇಂಗ್ಲೆಂಡ್. ಶಾಲೆಗಳಿಗೆ ಸರ್ಕಾರದ ಖರ್ಚು ಏರುತ್ತಾ ಇತ್ತು. ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಹೊಸ ನಿಯಮ ತಂದರು. ಅದರ ಹೆಸರು 'ರಿವೈಸ್ಡ್ ಕೋಡ್'. ಲೆಕ್ಕ ಹೀಗಿತ್ತು: ಸರಾಸರಿ ಹಾಜರಾತಿ ಮೇಲೆ ತಲೆಗೆ ವರ್ಷಕ್ಕೆ 4 ಶಿಲ್ಲಿಂಗ್. ಆರು ವರ್ಷ ದಾಟಿದ, ಸಾಕಷ್ಟು ದಿನ ಶಾಲೆಗೆ ಬಂದ ಮಗು ಪರೀಕ್ಷೆ ಪಾಸಾದರೆ ಇನ್ನೂ 8 ಶಿಲ್ಲಿಂಗ್. ಪರೀಕ್ಷೆ ಮೂರೇ ವಿಷಯಕ್ಕೆ: ಓದು, ಬರಹ, ಲೆಕ್ಕ. ಒಂದರಲ್ಲಿ ಫೇಲಾದರೆ 2 ಶಿಲ್ಲಿಂಗ್ 8 ಪೆನ್ಸ್ ಕಟ್. ಅಂದ್ರೆ ಸರಿಯಾಗಿ ಮೂರನೇ ಒಂದು ಭಾಗ! ದುಡ್ಡು ಹೋಗುತ್ತಿದ್ದದ್ದು ಶಾಲೆಯ ಆಡಳಿತಕ್ಕೆ, ಆದರೆ ಮೇಷ್ಟ್ರ ಸಂಬಳ ನಿಂತಿದ್ದದ್ದು ಅದರ ಮೇಲೆ.

ಆಮೇಲೇನಾಯ್ತು? ದುಡ್ಡು ಬರೋ ಮೂರು ವಿಷಯಗಳೇ ಪಾಠವಾದವು. ಇತಿಹಾಸ, ಭೂಗೋಳ ಮೂಲೆಗೆ ಸರಿದವು. ಇನ್‌ಸ್ಪೆಕ್ಟರ್ ಕೇಳೋ ಪುಸ್ತಕವನ್ನು ಮಕ್ಕಳಿಂದ ಉರು ಹೊಡೆಸಿದರು. ಪುಸ್ತಕ ಕೈಯಲ್ಲಿ, ಪಾಠ ಬಾಯಲ್ಲಿ, ಅರ್ಥ ಮಾತ್ರ ಎಲ್ಲೂ ಇಲ್ಲ. ಮೇಷ್ಟ್ರುಗಳನ್ನು ಬೈಯೋಣ ಅನ್ಸುತ್ತೆ. ಆದರೆ ಮುಂದೆ ನಿಂತ ಮಗು ತಡವರಿಸಿದರೆ ಮನೆಯ ರೇಷನ್‌ಗೇ ಕುತ್ತು ಅಂದಾಗ ನೀವಾದ್ರೂ ಏನ್ ಮಾಡ್ತಿದ್ರಿ?

ಇದನ್ನು ಒಳಗಿನಿಂದಲೇ ವಿರೋಧಿಸಿದ ಒಬ್ಬ ಇನ್‌ಸ್ಪೆಕ್ಟರ್ ಇದ್ದರು: ಕವಿ ಮ್ಯಾಥ್ಯೂ ಆರ್ನಾಲ್ಡ್. 35 ವರ್ಷ ಶಾಲೆಗಳನ್ನು ಸುತ್ತಿದವರು. ಓದು, ಬರಹ, ಲೆಕ್ಕ ನಿಜವಾಗಿ ಬಾರದಿದ್ದರೂ ಮಕ್ಕಳನ್ನು ಈ ಪರೀಕ್ಷೆಯಲ್ಲಿ ದಾಟಿಸಬಹುದು ಅಂತ ಅವರು ಸರ್ಕಾರಿ ವರದಿಯಲ್ಲೇ ಎಚ್ಚರಿಸಿದ್ದರು. ಆದರೂ ಪದ್ಧತಿ ಪೂರ್ತಿ ಹೋಗಿದ್ದು 1890ರ ದಶಕದಲ್ಲಿ.

ನಮಗೂ ಇದಕ್ಕೂ ಏನು ಸಂಬಂಧ? 1860ರ ದಶಕದಲ್ಲೇ ಇದು ಹಡಗು ಹತ್ತಿ ಮದ್ರಾಸ್ ಪ್ರೆಸಿಡೆನ್ಸಿಗೆ ಬಂತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಅದರೊಳಗೇ ಇದ್ದವು. 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳಿಗೆ ಇದನ್ನೇ ಶಿಫಾರಸು ಮಾಡಿತು. ಜಗಲಿ ಮೇಲೆ ಪಾಠ ಹೇಳೋ ಊರ ಮೇಷ್ಟ್ರುಗಳು ಸರ್ಕಾರದ ಅನುದಾನ ಬೇಕಂದ್ರೆ ಇನ್‌ಸ್ಪೆಕ್ಟರ್ ಮುಂದೆ ಮಕ್ಕಳನ್ನು ಪಾಸ್ ಮಾಡಿಸಬೇಕಾಯ್ತು. ಇಲ್ಲಿ ಅದಕ್ಕೆ ಸರ್ಕಾರ ಬಹಿರಂಗವಾಗಿ ವಿದಾಯ ಹೇಳಿದ್ದು ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯದಲ್ಲಿ.

ಪರೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ಎಣಿಸೋಕೆ ಆಗೋದನ್ನು ಎಣಿಸಲಿ. ಆದರೆ ಮೇಷ್ಟ್ರ ಮರ್ಯಾದೆಯನ್ನೇ ಆ ಸಂಖ್ಯೆಗೆ ಕಟ್ಟಿದರೆ, ಸಂಖ್ಯೆ ಬೆಳೆಯುತ್ತೆ, ಕಲಿಕೆ ಬೆಳೆಯಲ್ಲ.

ಕೊನೇದಾಗಿ ಒಂದು ವಿಷಯ. ಅಮ್ಮನ ರಿಸಲ್ಟ್ ಇಳಿಸಿದ ಆ ಬ್ಯಾಚಲ್ಲಿ ಗಣಿತದಲ್ಲಿ ಫೇಲಾದ ಒಬ್ಬ ಹುಡುಗ ಇದ್ದ. ಮೊನ್ನೆ ಅಮ್ಮನಿಗೆ ಫೋನ್ ಮಾಡಿದ್ದ. ಆಟೋ ಸಾಲ ಕಟ್ತಾ ಇದಾನೆ. "ಟೀಚರ್, ಬಡ್ಡಿ ಜಾಸ್ತಿ ಹಾಕಿದಾರೆ ಅನ್ಸುತ್ತೆ. ನಾನೇ ಲೆಕ್ಕ ಮಾಡಿದೀನಿ, ಸರಿನಾ ನೋಡಿ" ಅಂದ. ಹಾಳೆಯ ಫೋಟೋ ವಾಟ್ಸಾಪ್‌ಗೆ ಬಂತು. ಅಮ್ಮ ನೋಡಿ, "ನೀನು ಬಿ.ಕಾಂ. ಅಲ್ವಾ, ಚೆಕ್ ಮಾಡು" ಅಂತ ಫೋನ್ ನನ್ನ ಕೈಗಿಟ್ರು.

ಎರಡು ಸಲ ಚೆಕ್ ಮಾಡಿದೆ. ಹುಡುಗನ ಲೆಕ್ಕ ಸರಿ ಇತ್ತು. ಅವತ್ತು ಅಮ್ಮ ಎರಡನೇ ಸಲ ಅನ್ನ ಬಡಿಸ್ಕೊಂಡ್ರು.

ಮುಂದಿನ ವಾರ ಸಿಗೋಣ.