ಆಗುವುದು, ಗಿಟ್ಟುವುದು: ಹೈದರಾಬಾದ್ ಮೆಟ್ರೊ ಹಿನ್ನೆಲೆಯಲ್ಲಿ ಎರಡು ಇಂಗ್ಲಿಷ್ ಪದಗಳ ವಿವೇಚನೆ

ಅಭಿವೃದ್ಧಿ ಯೋಜನೆಗಳನ್ನು ಕುರಿತ ಕನ್ನಡ ಬರಹಗಳಲ್ಲಿ ‘ಫೀಸಿಬಲ್’, ‘ವಯಬಲ್’ ಎರಡಕ್ಕೂ ‘ಕಾರ್ಯಸಾಧ್ಯ’ ಎಂಬ ಒಂದೇ ಪದ ಬಳಕೆಯಾಗುತ್ತಿದೆ. ಫೀಸಿಬಿಲಿಟಿ ರಿಪೋರ್ಟ್ ‘ಕಾರ್ಯಸಾಧ್ಯತಾ ವರದಿ’. ಹಾಕಿದ ಹಣ ಪೂರ್ತಿ ಹುಟ್ಟದ ಯೋಜನೆಗೆ ಸರ್ಕಾರ ಕೊಡುವ ನೆರವು, ಅಂದರೆ ವಯಬಿಲಿಟಿ ಗ್ಯಾಪ್ ಫಂಡಿಂಗ್, ‘ಕಾರ್ಯಸಾಧ್ಯತಾ ಅಂತರ ನಿಧಿ’. ಈ ಬೆರಕೆ ಅರ್ಥಕ್ಕೆ ಹೇಗೆ ಧಕ್ಕೆ ತರುತ್ತದೆ, ಪರಿಹಾರ ಕನ್ನಡದಲ್ಲೇ ಇದೆಯೇ ಎಂಬುದು ಇಲ್ಲಿನ ವಿಚಾರ.

ಫೀಸಿಬಲ್ ಪದದ ಬೇರು ‘ಮಾಡು’ ಎಂಬರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ಅದನ್ನು ‘ಸಂಭವನೀಯ’ ಎಂಬರ್ಥದಲ್ಲಿ ಸಡಿಲವಾಗಿ ಬಳಸುವುದನ್ನು ನಿಘಂಟುಕಾರ ಫೌಲರ್ 1926ರಲ್ಲೇ ಆಕ್ಷೇಪಿಸಿದ್ದ. ವಯಬಲ್ ಬಂದದ್ದು ‘ಬದುಕು’ ಎಂಬರ್ಥದ ಫ್ರೆಂಚ್ ಪದದಿಂದ; ಹುಟ್ಟಿದ ಶಿಶು ಉಳಿಯಬಲ್ಲುದೇ ಎಂದು ಹೇಳಲು ಮೊದಲು ಬಳಕೆಯಾಯಿತು. ಮಾಡಲಿಕ್ಕಾಗುತ್ತದೆಯೇ ಎಂಬುದು ಒಂದು ಪ್ರಶ್ನೆ, ಮಾಡಿದ್ದು ಉಳಿಯುತ್ತದೆಯೇ ಎಂಬುದು ಇನ್ನೊಂದು.

ಹೈದರಾಬಾದ್ ಮೆಟ್ರೊ ಈ ವ್ಯತ್ಯಾಸಕ್ಕೆ ಸ್ಪಷ್ಟ ನಿದರ್ಶನ. 2008ರಲ್ಲಿ ಗುತ್ತಿಗೆ ಪಡೆದ ಮೈತಾಸ್ ಕಂಪನಿ ನೇತೃತ್ವದ ಕೂಟ ಸರ್ಕಾರದ ನೆರವು ಕೇಳಲಿಲ್ಲ. ತಾನೇ ಸರ್ಕಾರಕ್ಕೆ 30,311 ಕೋಟಿ ರೂಪಾಯಿ ಕೊಡುವುದಾಗಿ ಹೇಳಿತ್ತು. ಹಣ ಹೊಂದಿಸಲಾಗದೆ 2009ರ ಜುಲೈನಲ್ಲಿ ಗುತ್ತಿಗೆ ರದ್ದಾಯಿತು. 2010ರಲ್ಲಿ ಎಲ್ ಆ್ಯಂಡ್ ಟಿ 12,132 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ಸರ್ಕಾರದಿಂದ 1,458 ಕೋಟಿ ರೂಪಾಯಿ ಅಂತರ ನಿಧಿ ಕೇಳಿ ಗುತ್ತಿಗೆ ಪಡೆಯಿತು. 2017ರ ನವೆಂಬರ್ 28ರಂದು ರೈಲು ಸಂಚಾರಕ್ಕೆ ಚಾಲನೆ ದೊರೆಯಿತು. ಎರಡೂ ಸಲ ಯೋಜನೆ ಸುಮಾರು 71 ಕಿಲೋಮೀಟರ್ ಉದ್ದದ್ದೇ. ಕಂಬ ನಿಲ್ಲಿಸಿ ಹಳಿ ಹಾಕಲು ಆಗುತ್ತದೆ ಎಂಬುದರಲ್ಲಿ ತಕರಾರಿರಲಿಲ್ಲ. ಹಾಕಿದ ಹಣ ಹುಟ್ಟುತ್ತದೆಯೇ ಎಂಬ ಲೆಕ್ಕದಲ್ಲಿ ಮಾತ್ರ ಅಜಗಜಾಂತರವಿತ್ತು. ‘ಕಾರ್ಯಸಾಧ್ಯತಾ ಅಂತರ’ ಎಂದು ಓದಿದವರಿಗೆ ಕಾಮಗಾರಿಯಲ್ಲೇ ಏನೋ ತೊಡಕಿದೆ ಎನಿಸುವುದು ಸಹಜ.

ಹಾಕಿದ್ದು ಹುಟ್ಟುತ್ತದೆಯೇ ಎಂಬ ಈ ಎರಡನೆಯ ಅರ್ಥಕ್ಕೆ ಕನ್ನಡದಲ್ಲಿ ‘ಗಿಟ್ಟು’ ಎಂಬ ಕ್ರಿಯಾಪದವಿದೆ. ‘ಈ ರೇಟಿಗೆ ಗಿಟ್ಟೋದಿಲ್ಲ’ ಎನ್ನುವ ವ್ಯಾಪಾರಿಯ ಬಳಿ ಸರಕೂ ಇದೆ, ಮಾರಲು ಅಡ್ಡಿಯೂ ಇಲ್ಲ. ಮಾರಿದರೆ ಅಸಲು ಬರುವುದಿಲ್ಲ, ಅಷ್ಟೆ. ‘ಆಗೋದಿಲ್ಲ’ ಎಂಬುದಕ್ಕಿಂತ ಇದು ಬೇರೆ ಮಾತು. ಹೈದರಾಬಾದಿನ ಕನ್ನಡಿಗರು ನಿತ್ಯ ಕಾಣುವ ತೆಲುಗು ಪತ್ರಿಕೆಗಳಲ್ಲಿ ರೈತನಿಗೆ ಗಿಟ್ಟುವ ಬೆಲೆಗೆ ‘ಗಿಟ್ಟುಬಾಟು ಧರ’ ಎಂಬ ಹೆಸರೇ ಇದೆ. ಆಡುಮಾತಿನ ಅದೇ ಪದವನ್ನು ತೆಲುಗು ಅರ್ಥಶಾಸ್ತ್ರದ ಪರಿಭಾಷೆಗೆ ಏರಿಸಿಕೊಂಡಿತು. ಕನ್ನಡ ಅದನ್ನು ಸಂತೆಯಲ್ಲೇ ಬಿಟ್ಟಿತು.

ಫೀಸಿಬಲ್‌ಗೆ ‘ಕಾರ್ಯಸಾಧ್ಯ’ ಉಳಿಯಲಿ. ವಯಬಿಲಿಟಿಗೆ ‘ಹುಟ್ಟುವಳಿ’ಯ ಮಾದರಿಯಲ್ಲಿ ‘ಗಿಟ್ಟುವಳಿ’ ಎಂದು ಟಂಕಿಸಬಹುದು. ಅಂತರ ನಿಧಿ ‘ಗಿಟ್ಟುವಳಿ ಕೊರತೆ ನಿಧಿ’ಯಾಗುತ್ತದೆ. ಸಾರ್ವಜನಿಕರ ದುಡ್ಡು ಎಲ್ಲಿಗೆ, ಏಕೆ ಹೋಗುತ್ತದೆಂಬುದು ಪದದಲ್ಲೇ ತಿಳಿಯಬೇಕು. ಪರಿಭಾಷೆ ರೂಪಿಸುವವರು, ಪತ್ರಕರ್ತರು ಇದನ್ನು ಪರಿಗಣಿಸಬೇಕೆಂದು ಕೋರುತ್ತೇನೆ.