ಕಂಚುಕಿ

ಸಂಸ್ಕೃತದಲ್ಲಿ ‘ಕಂಚುಕ’ ಎಂದರೆ ನಿಲುವಂಗಿ. ಅದನ್ನು ತೊಟ್ಟ ಅಂತಃಪುರದ ಅಧಿಕಾರಿ ಕಂಚುಕಿ. ಸಂಸ್ಕೃತ ನಾಟಕಗಳಲ್ಲಿ ಆತ ಸಾಮಾನ್ಯವಾಗಿ ವೃದ್ಧ ಬ್ರಾಹ್ಮಣ. ಕನ್ನಡ ಬೈಬಲಿನಲ್ಲಿ ಈ ಪದ ಗ್ರೀಕಿನ ‘ಯೂನೂಖೊಸ್’ಗೆ ಸಂವಾದಿಯಾಗಿ ಬಂದಿದೆ. ಹಾಸಿಗೆಯನ್ನು ಕಾಯುವವ ಎಂಬುದು ಆ ಗ್ರೀಕ್ ಪದದ ಮೂಲಾರ್ಥ. ರಾಣಿವಾಸದ ಕಾವಲಿಗೆ ನೇಮಿಸುತ್ತಿದ್ದ, ವೃಷಣ ತೆಗೆಯಲ್ಪಟ್ಟವರಿಗೆ ಆ ಹೆಸರು ನಿಂತಿತು.

ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಇಂಥವರನ್ನು ದೇವರ ಸಭೆಯಿಂದ ಹೊರಗಿಡುತ್ತದೆ. ಯೆಶಾಯನ 56ನೇ ಅಧ್ಯಾಯ ಅದಕ್ಕೆ ನೇರ ತಿರುಗೇಟು: ದೇವಾಲಯದೊಳಗೇ ಅವರಿಗೆ ಸ್ಮಾರಕ, ಮಕ್ಕಳಿಂದ ಬರುವುದಕ್ಕಿಂತ ಮೇಲಾದ, ಎಂದೂ ಅಳಿಯದ ಹೆಸರು. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದ ಕಂಚುಕಿಯಂತೂ ಐಥಿಯೋಪ್ಯದ ರಾಣಿ ಕಂದಾಕೆಯ ಬೊಕ್ಕಸದ ಮೇಲ್ವಿಚಾರಕ. ಆತ ಜೆರುಸಲೇಮಿನಿಂದ ಮರಳುತ್ತ ಗಾಜದ ದಾರಿಯಲ್ಲಿ ರಥದಲ್ಲಿ ಕುಳಿತು ಓದುತ್ತಿದ್ದುದೂ ಯೆಶಾಯನನ್ನೇ. ದಾರಿಯಲ್ಲಿ ನೀರು ಕಂಡಾಗ, ತನ್ನ ದೀಕ್ಷಾಸ್ನಾನಕ್ಕೆ ಅಡ್ಡಿಯೇನೆಂದು, ಆ ಓದನ್ನು ವಿವರಿಸಿದ ಸುವಾರ್ತಿಕ ಫಿಲಿಪ್ಪನನ್ನು ಕೇಳುತ್ತಾನೆ. ಇಬ್ಬರೂ ನೀರಿಗಿಳಿಯುತ್ತಾರೆ. ದೇಹ ಬದಲಾಗಬೇಕೆಂಬ ಷರತ್ತು ಅಲ್ಲಿಲ್ಲ.

ಮತ್ತಾಯ 19ರಲ್ಲಿ ಯೇಸು ಹುಟ್ಟಿನಿಂದ ನಪುಂಸಕರಾಗಿರುವವರು, ಮನುಷ್ಯರಿಂದ ಹಾಗಾದವರು, ಪರಲೋಕರಾಜ್ಯಕ್ಕಾಗಿ ತಾವೇ ಹಾಗಾದವರು ಎಂದು ಮೂರು ಬಗೆಯವರನ್ನು ಹೆಸರಿಸುತ್ತಾನೆ; ಯಾರನ್ನೂ ಖಂಡಿಸುವುದಿಲ್ಲ. ಪ್ರಾಚೀನ ಕಂಚುಕಿಯೂ ಇಂದಿನ ಲಿಂಗತ್ವ ಅಲ್ಪಸಂಖ್ಯಾತರೂ ಒಂದೇ ಅಲ್ಲ. ಆದರೂ ಗಂಡು-ಹೆಣ್ಣೆಂಬ ಚೌಕಟ್ಟಿಗೆ ಒಗ್ಗದವರನ್ನು ಸಭೆ ಹೇಗೆ ಕಾಣಬೇಕೆಂಬುದಕ್ಕೆ ಬೈಬಲಿನಲ್ಲಿ ಸಿಗುವ ಅತ್ಯಂತ ಹತ್ತಿರದ ಮಾದರಿ ಇದೇ. ಅವರನ್ನು ಒಪ್ಪಿಕೊಳ್ಳುವ ದೇವಶಾಸ್ತ್ರಜ್ಞರು ಈ ಭಾಗಗಳಿಗೆ ಮತ್ತೆಮತ್ತೆ ಮರಳುವುದು ಅದಕ್ಕಾಗಿ. ಅಂಥ ಒಪ್ಪಿಗೆಗೆ ಒಂದು ಉದಾಹರಣೆ: ಅಮೆರಿಕದ ಎಪಿಸ್ಕೋಪಲ್ ಸಭೆ 2012ರಲ್ಲಿ ಪಾದ್ರಿ ದೀಕ್ಷೆಯಲ್ಲಿ ಲಿಂಗತ್ವ ಗುರುತಿನ ಆಧಾರದ ತಾರತಮ್ಯವನ್ನು ನಿಷೇಧಿಸಿತು.