ಕಿಡಿ ಬೇಕಾಗಿಲ್ಲದ ಉಪ್ಪು

ಪಟಾಕಿ ಕಾರ್ಖಾನೆಯಲ್ಲಿ ಸ್ಫೋಟ ಅಂತ ಬ್ರೇಕಿಂಗ್ ನ್ಯೂಸ್ ಬಂದ ಕೂಡಲೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ. ಕಿಡಿ ಎಲ್ಲಿಂದ ಬಂತು? ನಾನು ಹೇಳ್ತೀನಿ ಕೇಳಿ, ಕೆಲವು ಸಲ ಕಿಡಿಯೇ ಬೇಕಾಗಿಲ್ಲ! ಒಂದು ಪೆಟ್ಟು, ಸ್ವಲ್ಪ ತಿಕ್ಕಾಟ, ಅಷ್ಟೇ ಸಾಕು. ಅಂಥ ಒಂದು ಉಪ್ಪಿನ ಚರಿತ್ರೆ ಇದು. ಹೆಸರು ಪೊಟ್ಯಾಶಿಯಂ ಕ್ಲೋರೇಟ್.

ನೋಡೋಕೆ ಬೆಳ್ಳಗೆ, ನಮ್ಮ ಅಡುಗೆಮನೆಯ ಪುಡಿಯುಪ್ಪಿನ ಹಾಗೇ. ಒಂದು ಕಾಲದಲ್ಲಿ ಗಂಟಲು ನೋವಿಗೆ ಇದನ್ನೇ ಔಷಧಿಯಾಗಿ ಕೊಡುತ್ತಿದ್ದರು. ತಾನಾಗಿ ಇದು ಉರಿಯೋದಿಲ್ಲ. ಆದರೆ ಒಡಲಲ್ಲಿ ಬೇಕಾದಷ್ಟು ಆಮ್ಲಜನಕ ಇಟ್ಟುಕೊಂಡಿದೆ. ಉರಿಯುವ ವಸ್ತುವಿನ ಜೊತೆ ಸೇರಿ ಹೊತ್ತಿಕೊಂಡರೆ ಅದನ್ನೆಲ್ಲ ಒಮ್ಮೆಲೇ ಬಿಟ್ಟುಕೊಡುತ್ತದೆ. ಗಂಧಕದ ಜೊತೆ ಬೆರೆತರಂತೂ ಕೈಯಲ್ಲಿ ಹಿಡಿದವನಿಗೂ ಗ್ಯಾರಂಟಿ ಇಲ್ಲ.

ಇದನ್ನು ಜಗತ್ತಿಗೆ ಕೊಟ್ಟವರು ಫ್ರಾನ್ಸ್‌ನ ವಿಜ್ಞಾನಿ ಬರ್ತೊಲೆ. 1780ರ ದಶಕದ ಮಾತು. ಆಗ ಮದ್ದಿನ ಪುಡಿಗೆ ಪೆಟ್ಲುಪ್ಪು ಬೇಕಿತ್ತು. ಒಳ್ಳೆಯ ಪೆಟ್ಲುಪ್ಪು ಸಿಗುತ್ತಿದ್ದದ್ದು ನಮ್ಮ ಬಿಹಾರದಲ್ಲಿ. ಅದು ಬ್ರಿಟಿಷರ ಹಿಡಿತಕ್ಕೆ ಹೋಗಿತ್ತು. ಫ್ರೆಂಚರು ಯೋಚಿಸಿದರು, ಪೆಟ್ಲುಪ್ಪಿನ ಜಾಗದಲ್ಲಿ ಈ ಹೊಸ ಉಪ್ಪು ಹಾಕಿದರೆ ಹೇಗೆ?

1788ರ ಅಕ್ಟೋಬರ್ 27. ಪ್ಯಾರಿಸ್ ಹತ್ತಿರದ ಎಸ್ಸೋನ್‌ನ ಮದ್ದಿನ ಗಿರಣಿ. ಪ್ರಯೋಗ ನೋಡಲು ಬಂದವರು ಯಾರು ಗೊತ್ತಾ? ಬರ್ತೊಲೆ, ಜೊತೆಗೆ ಆಮ್ಲಜನಕಕ್ಕೆ ಹೆಸರಿಟ್ಟ ಲಾವೋಸಿಯೆ ಮತ್ತು ಅವರ ಪತ್ನಿ. ಅಪಾಯ ಇದೆ ಅಂತ ಗೊತ್ತಿತ್ತು. ಹಲಗೆಗಳ ಅಡ್ಡಗೋಡೆಯನ್ನೂ ಕಟ್ಟಿದ್ದರು. ನಡುವೆ ತಿಂಡಿಗೆ ಎದ್ದು ಹೋದರು. ಆಮೇಲೆ ಗಿರಣಿ ಸಿಡಿಯಿತು. ಹತ್ತಿರದಲ್ಲಿದ್ದ ಇಬ್ಬರು ಸತ್ತರು, ಒಬ್ಬರು ಗಿರಣಿಯ ನಿರ್ದೇಶಕರು, ಇನ್ನೊಬ್ಬಳು ನೋಡಲು ಬಂದಿದ್ದ ಯುವತಿ. ದೂರದಲ್ಲಿದ್ದ ಲಾವೋಸಿಯೆ ದಂಪತಿ ಮತ್ತು ಬರ್ತೊಲೆ ಬದುಕಿದರು.

ಹಾಗಂತ ಈ ಉಪ್ಪನ್ನು ಪಳಗಿಸೋಕೆ ಆಗೋದೇ ಇಲ್ಲ ಅಂತಲ್ಲ. ನಿಮ್ಮ ಮನೆಯ ಬೆಂಕಿಪೆಟ್ಟಿಗೆ ನೋಡಿ. ಕಡ್ಡಿಯ ತಲೆಯಲ್ಲಿ ಇರೋದು ಇದೇ ಕ್ಲೋರೇಟ್. 1855ರ ಹೊತ್ತಿಗೆ ಸ್ವೀಡನ್ನಿನವರು ಒಂದು ಜಾಣತನ ಮಾಡಿದರು. ಕೆಂಪು ರಂಜಕವನ್ನು ಕಡ್ಡಿಯಲ್ಲಿ ಇಡದೆ ಪೆಟ್ಟಿಗೆಯ ಪಕ್ಕಕ್ಕೆ ಬಳಿದರು. ಎರಡನ್ನೂ ದೂರ ಇಟ್ಟರು, ಅಡುಗೆಮನೆ ಸುರಕ್ಷಿತವಾಯಿತು.

ಪಟಾಕಿಯಲ್ಲಿ ಮಾತ್ರ ದೂರ ಇಡಲಿಲ್ಲ. ಕ್ಲೋರೇಟ್ ಮತ್ತು ಗಂಧಕದ ಮಿಶ್ರಣವನ್ನು ಬ್ರಿಟನ್ 1894ರಲ್ಲೇ ನಿಷೇಧಿಸಿತು. ಆಗ ನಮ್ಮನ್ನು ಆಳುತ್ತಿದ್ದವರೂ ಅವರೇ ಅಲ್ವಾ? ಸ್ವತಂತ್ರ ಭಾರತದ ಕೇಂದ್ರ ಸರ್ಕಾರ ಈ ಮಿಶ್ರಣದ ತಯಾರಿಕೆ, ಮಾರಾಟ, ಬಳಕೆಯನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಿದ್ದು 1992ರ ಜನವರಿ 27ರಂದು. ಅಲ್ಲಿಂದ ಇಲ್ಲಿಗೆ 98 ವರ್ಷ. ಎಸ್ಸೋನ್‌ನ ಆ ಎರಡು ಸಾವುಗಳಿಂದ ಲೆಕ್ಕ ಹಾಕಿದರೆ 203 ವರ್ಷ.

ಕಾನೂನು ಬಂದಿದೆ, ಸರಿ. ಆದರೆ ಮದ್ದು ಅರೆದು ತುಂಬುವ ಬಡ ಕೂಲಿಯವನಿಗೆ ಡಬ್ಬಿಯ ಬಿಳಿ ಪುಡಿ ಏನು ಅಂತ ಯಾರು ಹೇಳ್ತಾರೆ? ಅದಕ್ಕೇ ಮುಂದಿನ ಸಲ ಇಂಥ ಸುದ್ದಿ ಬಂದಾಗ ಕಿಡಿ ಎಲ್ಲಿಂದ ಬಂತು ಅನ್ನೋದನ್ನು ಆಮೇಲೆ ಕೇಳೋಣ. ಗೋದಾಮಿನಲ್ಲಿ ಕ್ಲೋರೇಟ್ ಇತ್ತಾ? ಅದನ್ನು ಮಾರಿದವರು ಯಾರು? ತಪಾಸಣೆ ಮಾಡಿ ಸಹಿ ಹಾಕಿದವರು ಯಾರು? ಮೊದಲು ಇದಕ್ಕೆ ಉತ್ತರ ಕೊಡಲಿ.